ಚೌಕಟ್ಟಿನ ಹಿಂಬದಿ ನೋಡಿ: ಚಿತ್ರ ಅಸಲಿಯೋ ಅಲ್ಲವೋ ತಿಳಿಯುವ ಬಗೆ, ಕಾನೂನಿನ ನೆರವು ಪಡೆಯುವ ಬಗೆ

ದಾವಣಗೆರೆಯ ಹಳೇಪೇಟೆಯಲ್ಲಿ ನಮ್ಮದೊಂದು ಫ್ರೇಮ್ ಅಂಗಡಿ ಇದೆ. ದೇವರ ಪಟ, ಮದುವೆ ಫೋಟೊ, ಸನ್ಮಾನ ಪತ್ರ, ಇವೇ ಜಾಸ್ತಿ. ಆದರೆ ಆಗಾಗ ಯಾರಾದರೂ ಹಳೇ ಸೀರೆಯಲ್ಲಿ ಸುತ್ತಿದ ಚಿತ್ರವೊಂದನ್ನು ತಂದು ಮೇಜಿನ ಮೇಲೆ ಇಡುತ್ತಾರೆ. "ಅಣ್ಣ, ಇದು ಅಸಲಿನಾ? ಎಷ್ಟು ಬೆಲೆ ಬಾಳುತ್ತೆ?" ಎಂದು ಕೇಳುತ್ತಾರೆ. ಆ ಎರಡು ಪ್ರಶ್ನೆಗೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. "ಬಿಲ್ಲಿನಲ್ಲಿ ಏನಂತ ಬರೆದುಕೊಟ್ಟಿದ್ದಾರೆ?"

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಬಹಳ ವರ್ಷದ ಹಿಂದೆ ಒಂದು ಮಾರಾಟ ಮೇಳದಲ್ಲಿ ಜಲವರ್ಣದ ಚಿತ್ರ ಕೊಂಡೆ. ಬಾವಿಕಟ್ಟೆಯ ಹತ್ತಿರ ಮೂವರು ಹೆಂಗಸರು. ಕೆಳಗೆ ನಾಡಿನ ಹೆಸರಾಂತ ಕಲಾವಿದರೊಬ್ಬರ ಸಹಿ, ಪಕ್ಕದಲ್ಲಿ 1938 ಎಂಬ ಇಸವಿ. ಹದಿನೆಂಟು ಸಾವಿರ ಕೊಟ್ಟೆ. ಮೂರು ವರ್ಷ ಮನೆಯ ಗೋಡೆಯ ಮೇಲೆ ಇತ್ತು. ಒಂದು ದಿನ ಗಾಜು ಬದಲಿಸಲು ಫ್ರೇಮ್ ಬಿಚ್ಚಿದಾಗ, ನೋಟು ಪರೀಕ್ಷೆ ಮಾಡುವ ನೇರಳೆ ಟಾರ್ಚನ್ನು ಸುಮ್ನೆ ಅದರ ಮೇಲೆ ಹಿಡಿದೆ. ಹಾಳೆ ಪೂರ್ತಿ ನೀಲಿ ಬಿಳುಪಿನಲ್ಲಿ ಹೊಳೆಯಿತು. ಹಾಗೆ ಹೊಳೆಯುವಂತೆ ಮಾಡುವ ರಾಸಾಯನಿಕವನ್ನು ಕಾಗದಕ್ಕೆ ಸೇರಿಸತೊಡಗಿದ್ದು ಸುಮಾರು 1950ರ ನಂತರ. 1938ರ ಹಾಳೆ ಹಾಗೆ ಹೊಳೆಯುವುದಿಲ್ಲ. ಮಾರಿದವರನ್ನು ಹುಡುಕಿ ಹೋದೆ. ಅವರು ನನ್ನ ಬಿಲ್ಲನ್ನೇ ನನಗೆ ತೋರಿಸಿದರು. ಅದರಲ್ಲಿ ಇದ್ದದ್ದು "ಪೇಂಟಿಂಗ್ - 1" ಅಷ್ಟೇ. "ನಾನು ಪೇಂಟಿಂಗ್ ಮಾರಿದೆ, ಪೇಂಟಿಂಗ್ ಕೊಟ್ಟೆ" ಎಂದರು. ಬಾಯಲ್ಲಿ ಹೇಳಿದ ಹೆಸರಿಗೆ ನನ್ನ ಹತ್ತಿರ ಸಾಕ್ಷಿ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಚಿತ್ರ ಕೊಳ್ಳುವವರಿಗೆ, ಹಿರಿಯರಿಂದ ಬಂದ ಚಿತ್ರ ಮನೆಯಲ್ಲಿ ಇರುವವರಿಗೆ, ಮಾರಬೇಕೆಂದಿರುವವರಿಗೆ ಉಪಯೋಗ ಆಗಲಿ ಎಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ. ದೊಡ್ಡ ಮೊತ್ತದ ವಿಷಯವಾದರೆ ವಕೀಲರನ್ನು ಕೇಳಲೇಬೇಕು. ಆದರೆ ವಕೀಲರ ಹತ್ತಿರ ಹೋಗುವಾಗ ಕೈಯಲ್ಲಿ ಏನಿರಬೇಕು ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಶುರು ಮಾಡುವ ಮುಂಚೆ: ನಕಲು ಬೇರೆ, ಖೋಟಾ ಬೇರೆ

ನಮ್ಮ ಊರಿನ ದೃಶ್ಯಕಲಾ ಮಹಾವಿದ್ಯಾಲಯದ ಮಕ್ಕಳು ರವಿವರ್ಮರ ಚಿತ್ರ ನೋಡಿ ಬರೆಯುತ್ತಾರೆ. ಅದು ಕಲಿಕೆ. ಅದನ್ನು "ರವಿವರ್ಮರ ಚಿತ್ರದ ನಕಲು, ಬರೆದವರು ಇಂಥವರು" ಎಂದು ಹೇಳಿ ಮಾರಿದರೂ ತಪ್ಪಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಸಾಮಾನ್ಯವಾಗಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಇರುತ್ತದೆ. ಅವರದ್ದು ಎಂದೋ ಮುಗಿದಿದೆ. ಚಿತ್ರ ಕಲಾವಿದ ಕೆ.ಕೆ. ಹೆಬ್ಬಾರ್ ತೀರಿಕೊಂಡದ್ದು 1996ರಲ್ಲಿ. ಹಾಗಾಗಿ ಅವರ ಚಿತ್ರದ ನಕಲನ್ನು ವಾರಸುದಾರರ ಅನುಮತಿ ಇಲ್ಲದೆ ಮಾರುವಂತಿಲ್ಲ. ಮನೆಯಲ್ಲಿ ಕೂತು ಅಭ್ಯಾಸಕ್ಕೆ ಬರೆಯುವುದು ಬೇರೆ ಮಾತು.

ಖೋಟಾ ಎಂದರೆ ಬೇರೆಯವರ ಸಹಿ ಹಾಕಿ, ಇಲ್ಲದ ಇಸವಿ ಬರೆದು, ಅಸಲಿ ಎಂದು ನಂಬಿಸುವುದು. ಅಲ್ಲಿ ಕುಂಚಕ್ಕಿಂತ ಮಾತು ದೊಡ್ಡ ಅಪರಾಧ. ಒಂದೇ ಚಿತ್ರ ಒಬ್ಬರ ಕೈಯಲ್ಲಿ ಮರ್ಯಾದೆಯ ನಕಲು, ಇನ್ನೊಬ್ಬರ ಕೈಯಲ್ಲಿ ಮೋಸ. ಮೂರನೆಯ ಬಗೆಯೂ ಇದೆ. ತಪ್ಪು ನಂಬಿಕೆ. "ನಮ್ಮ ಅಜ್ಜ ಮೈಸೂರು ಅರಮನೆಯಿಂದ ತಂದಿದ್ದು" ಎಂದು ಮನೆಯಲ್ಲಿ ಎಲ್ಲರೂ ನಂಬಿರುತ್ತಾರೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಆದರೂ ನಿಜ ಆಗಿರುವುದಿಲ್ಲ. ಅಂಥವರಿಗೆ ಹೇಳುವಾಗ ಮೆತ್ತಗೆ ಹೇಳಬೇಕು. ಒಮ್ಮೆ ಒಬ್ಬ ಅಜ್ಜಿಗೆ ನಾನು ಪಟಕ್ಕನೆ "ಇದು ಅಚ್ಚಿನ ಪಟ" ಎಂದುಬಿಟ್ಟೆ. ಅವರು ಅದಕ್ಕೆ ಐವತ್ತು ವರ್ಷ ಆರತಿ ಎತ್ತಿದ್ದರು. ಆ ಮುಖ ಇನ್ನೂ ಕಣ್ಣ ಮುಂದಿದೆ.

ಹೆಜ್ಜೆ 1: ತಿರುಗಿಸಿ, ಹಿಂಬದಿ ನೋಡಿ

ಖೋಟಾ ಮಾಡುವವರು ಮುಂಭಾಗಕ್ಕೆ ಪೂರ್ತಿ ಶ್ರಮ ಹಾಕುತ್ತಾರೆ. ಹಿಂಬದಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅದಕ್ಕೇ ನಾನು ಮೊದಲು ಹಿಂದೆ ನೋಡುತ್ತೇನೆ.

ಬಿಚ್ಚುವ ಮುಂಚೆ ಮುಂದೆ, ಹಿಂದೆ, ನಾಲ್ಕೂ ಮೂಲೆ, ಸಹಿ, ಚೀಟಿ ಎಲ್ಲದರ ಫೋಟೊ ತೆಗೆಯಿರಿ. ಅಳತೆ ಬರೆದಿಟ್ಟುಕೊಳ್ಳಿ. ಮುಂದೆ ಜಗಳ ಬಂದರೆ "ನೀವೇ ಬದಲಾಯಿಸಿದ್ದೀರಿ" ಎಂಬ ಮಾತಿಗೆ ಈ ಫೋಟೊಗಳೇ ಉತ್ತರ.

ಈಗ ಹಿಂಬದಿಯ ಹಲಗೆ ನೋಡಿ. ಹಳೇ ಮರ ಗಾಳಿ ತಾಗಿದ ಕಡೆ ಕಪ್ಪಾಗಿರುತ್ತದೆ, ಮುಚ್ಚಿದ ಕಡೆ ತಿಳಿಯಾಗಿರುತ್ತದೆ. ಚಹಾದ ಡಿಕಾಕ್ಷನ್ ಬಳಿದು ಹಳೆಯದು ಮಾಡಿದ ಹಾಳೆ ಎಲ್ಲ ಕಡೆ ಒಂದೇ ಬಣ್ಣ ಇರುತ್ತದೆ. ನಿಜವಾಗಿ ಹಳೆಯದಾದ ಹಾಳೆ ಅಂಚಿನಲ್ಲಿ ಜಾಸ್ತಿ ಕಂದಾಗಿರುತ್ತದೆ, ಮೌಂಟ್, ಅಂದರೆ ಚಿತ್ರದ ಸುತ್ತ ಇಡುವ ರಟ್ಟಿನ ಅಂಚು, ಮುಚ್ಚಿದ ಜಾಗದಲ್ಲಿ ಗೆರೆ ಎಳೆದ ಹಾಗೆ ಬೇರೆ ಬಣ್ಣ ಇರುತ್ತದೆ. ಮೊಳೆ ತುಕ್ಕು ಹಿಡಿದಿದ್ದರೆ ಆ ತುಕ್ಕಿನ ಕಲೆ ಮರದೊಳಗೆ ಇಳಿದಿರಬೇಕು. ಹಳೇ ಮೊಳೆಯನ್ನು ಹೊಸ ತೂತಿಗೆ ಹೊಡೆದಿದ್ದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಫ್ರೇಮ್ ಹೊಸದು ಎಂದಾಕ್ಷಣ ಚಿತ್ರ ಖೋಟಾ ಆಗುವುದಿಲ್ಲ. ನಮ್ಮಂಥವರು ಹಳೇ ಚಿತ್ರಕ್ಕೆ ಹೊಸ ಬೀಡಿಂಗ್, ಹೊಸ ಹಾರ್ಡ್‌ಬೋರ್ಡ್ ಹಾಕುತ್ತಲೇ ಇರುತ್ತೇವೆ. ಹಾಗೆಯೇ ಹಳೇ ಫ್ರೇಮಿನಲ್ಲಿ ಹೊಸ ಚಿತ್ರ ಕೂರಿಸುವುದೂ ಸುಲಭ. ಫ್ರೇಮಿಗೂ ಚಿತ್ರಕ್ಕೂ ಬೇರೆ ಬೇರೆ ವಯಸ್ಸು ಕೇಳಿ. ಹಿಂದೆ ಅಂಟಿಸಿದ ಹಳೇ ಚೀಟಿ, ಅಂಗಡಿಯ ಹೆಸರು, ಪ್ರದರ್ಶನದ ನಂಬರು ಏನೇ ಇದ್ದರೂ ಕೀಳಬೇಡಿ. ಎಷ್ಟೋ ಜನ ಚಂದ ಕಾಣಲಿ ಎಂದು ಅದನ್ನು ಕೆರೆದು ತೆಗೆಸುತ್ತಾರೆ. ಆ ಚೀಟಿ ಚಿತ್ರದ ಜಾತಕ ಇದ್ದ ಹಾಗೆ.

ಹೆಜ್ಜೆ 2: ಭೂತಗನ್ನಡಿ, ಮೊಬೈಲ್ ಟಾರ್ಚ್, ನೇರಳೆ ಟಾರ್ಚ್

ಅಕ್ಕಸಾಲಿಗರು ಕಣ್ಣಿಗೆ ಇಟ್ಟುಕೊಳ್ಳುವ ಹತ್ತು ಪಟ್ಟಿನ ಭೂತಗನ್ನಡಿ ತನ್ನಿ. ಚಿತ್ರದಲ್ಲಿ ಕೆನ್ನೆ ಅಥವಾ ಆಕಾಶದಂಥ ತಿಳಿ ಬಣ್ಣದ ಜಾಗ ನೋಡಿ. ಸಾಲಾಗಿ, ಹೂವಿನ ಎಸಳಿನ ಹಾಗೆ ಸುತ್ತಿಕೊಂಡ ಚುಕ್ಕೆಗಳು ಕಂಡರೆ ಅದು ಆಫ್‌ಸೆಟ್ ಮುದ್ರಣ. ಮುಗಿಯಿತು. ಕ್ರಮವಿಲ್ಲದ, ಕೈಯಲ್ಲಿ ಚುಚ್ಚಿದಂಥ ಚುಕ್ಕೆಗಳು ಕಂಡರೆ ಅದು ಹಳೇ ಕಾಲದ ಕಲ್ಲಚ್ಚು ಇರಬಹುದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆಯ ಹಳೇ ಮನೆಗಳಲ್ಲಿ, ವ್ಯಾಪಾರಸ್ಥರ ಗದ್ದಿಗೆಯ ಮೇಲೆ ಇರುವ ಲಕ್ಷ್ಮಿ, ಸರಸ್ವತಿ ಪಟಗಳಲ್ಲಿ ರವಿವರ್ಮ ಪ್ರೆಸ್ಸಿನ ಅಚ್ಚು ಸಾಕಷ್ಟು ಸಿಗುತ್ತವೆ. ಆ ಪ್ರೆಸ್ ಮುಂಬೈಯಲ್ಲಿ ಶುರುವಾದದ್ದು 1894ರಲ್ಲಿ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಇಟ್ಟು ಅಚ್ಚು ಹಾಕುತ್ತಿದ್ದರು. ಕೆಲವರು ಆ ಪಟಕ್ಕೆ ಜರಿ, ಬಟ್ಟೆ, ಮಣಿ ಅಂಟಿಸಿ ಅಲಂಕಾರ ಮಾಡುತ್ತಿದ್ದರು. ಇವು ರವಿವರ್ಮ ಕೈಯಾರೆ ಬರೆದ ಚಿತ್ರಗಳಲ್ಲ. ಹಾಗಂತ ಖೋಟಾವೂ ಅಲ್ಲ. ಅಸಲಿ ಅಚ್ಚು. ಅದಕ್ಕೆ ಅದರದೇ ಗೌರವ, ಅದರದೇ ಬೆಲೆ ಇದೆ. ಆ ಅಜ್ಜಿಯ ಪಟವೂ ಇದೇ ಆಗಿತ್ತು. ಆಮೇಲೆ ಅವರ ಮನೆಗೆ ಹೋಗಿ ಇದನ್ನೆಲ್ಲ ವಿವರಿಸಿ ಬಂದೆ. ತೊಂದರೆ ಇರುವುದು ಅದೇ ಅಚ್ಚಿನ ಇವತ್ತಿನ ಆಫ್‌ಸೆಟ್ ನಕಲನ್ನು ಹಳೇ ಫ್ರೇಮಿಗೆ ಹಾಕಿ "ನೂರು ವರ್ಷದ್ದು" ಎಂದು ಮಾರುವವರಲ್ಲಿ. ಚುಕ್ಕೆ ಅವರನ್ನು ಹಿಡಿದುಕೊಡುತ್ತದೆ.

ಕ್ಯಾನ್ವಾಸ್ ಮೇಲೆ ಮುದ್ರಿಸಿ ಮೇಲಿಂದ ಒಂದಿಷ್ಟು ಪಾರದರ್ಶಕ ಅಂಟು ಬಳಿದು ಕುಂಚದ ಗುರುತು ಮೂಡಿಸುವುದೂ ಉಂಟು. ಅದಕ್ಕೆ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ಪಕ್ಕದಿಂದ, ಚಿತ್ರಕ್ಕೆ ತಾಗುವಂತೆ ಓರೆಯಾಗಿ ಹಿಡಿಯಿರಿ. ಕುಂಚದ ಉಬ್ಬು ತಗ್ಗು ಬಣ್ಣದ ಜೊತೆಗೇ ಸಾಗಬೇಕು. ಬಣ್ಣ ಒಂದು ಕಡೆ, ಉಬ್ಬು ಇನ್ನೊಂದು ಕಡೆ ಹೋದರೆ ಅನುಮಾನಪಡಿ.

ಮೈಸೂರು ಸಾಂಪ್ರದಾಯಿಕ ಚಿತ್ರವಾದರೆ ಚಿನ್ನದ ಕೆಲಸ ನೋಡಿ. ಮೈಸೂರು ಶೈಲಿಯಲ್ಲಿ ಉಬ್ಬು ಕಮ್ಮಿ, ಗೆರೆ ಸೂಕ್ಷ್ಮ, ಚಿನ್ನದ ರೇಕು ತೆಳು. ತಂಜಾವೂರಿನಲ್ಲಿ ಉಬ್ಬು ಜಾಸ್ತಿ, ಗಾಜಿನ ಕಲ್ಲು ಕೂರಿಸಿರುತ್ತಾರೆ. ಎರಡಕ್ಕೂ ಭೌಗೋಳಿಕ ಸೂಚಿಕೆ ಅಂದರೆ ಜಿಐ ಮಾನ್ಯತೆ ಇದೆ. ನಮ್ಮ ಪಕ್ಕದ ಮೊಳಕಾಲ್ಮೂರು ಸೀರೆಗೆ ಇರುವಂಥದ್ದೇ ರಕ್ಷಣೆ. ಬೇರೆ ಎಲ್ಲೋ ಯಂತ್ರದಲ್ಲಿ ಮಾಡಿದ್ದಕ್ಕೆ ಆ ಹೆಸರು ಹಾಕಿ ಮಾರಿದರೆ 1999ರ ಜಿಐ ಕಾಯ್ದೆಯಲ್ಲಿ ಶಿಕ್ಷೆ ಇದೆ.

ನೇರಳೆ ಟಾರ್ಚಿನ ಕಥೆ ಆಗಲೇ ಹೇಳಿದೆ. ಅದು ಕಾಗದ ಹೊಸದು ಎಂದು ಹೇಳಬಹುದೇ ಹೊರತು ಚಿತ್ರ ಅಸಲಿ ಎಂದು ಹೇಳಲಾರದು. ಹಳೇ ಪುಸ್ತಕದ ಖಾಲಿ ಹಾಳೆ ಹರಿದು ಅದರ ಮೇಲೆ ಬರೆಯುವವರೂ ಇದ್ದಾರೆ. ಮನೆಯಲ್ಲಿ ಮಾಡುವ ಪರೀಕ್ಷೆಗಳು ಸುಳ್ಳನ್ನು ಹಿಡಿಯುತ್ತವೆ. ಸತ್ಯವನ್ನು ಸಾಬೀತು ಮಾಡುವುದು ಅವುಗಳ ಕೈಲಾಗದು.

ಪ್ರಯೋಗಾಲಯದಲ್ಲಿ ಮುಂದಿನ ಮಟ್ಟದ ಪರೀಕ್ಷೆ ಆಗುತ್ತದೆ. ಜರ್ಮನಿಯ ವೋಲ್ಫ್‌ಗಾಂಗ್ ಬೆಲ್ಟ್ರಾಕಿ ಎಂಬಾತ ಖೋಟಾ ಚಿತ್ರ ಬರೆದು ವರ್ಷಗಟ್ಟಲೆ ದೊಡ್ಡ ದೊಡ್ಡ ಪರಿಣತರನ್ನೇ ನಂಬಿಸಿದ್ದ. 1914ರದ್ದೆಂದು ಮಾರಿದ ಒಂದು ಚಿತ್ರದಲ್ಲಿ ಟೈಟೇನಿಯಂ ಬಿಳಿ ಬಣ್ಣ ಪತ್ತೆಯಾಯಿತು. 1914ರಲ್ಲಿ ಆ ಬಣ್ಣ ಇನ್ನೂ ಮಾರುಕಟ್ಟೆಗೇ ಬಂದಿರಲಿಲ್ಲ. 2011ರಲ್ಲಿ ಅವನಿಗೆ ಆರು ವರ್ಷ ಶಿಕ್ಷೆಯಾಯಿತು. ಒಂದು ಚಿಟಿಕೆ ಬಣ್ಣ ಮಾಡಿದ ಕೆಲಸ ಇದು.

ಹೆಜ್ಜೆ 3: ಸಹಿಯನ್ನು ಕೊನೆಗೆ ನೋಡಿ

ಎಲ್ಲರೂ ಮೊದಲು ನೋಡುವುದು ಸಹಿಯನ್ನೇ. ಖೋಟಾ ಮಾಡುವವರಿಗೂ ಇದು ಗೊತ್ತು. ಚಿತ್ರದ ಉಳಿದ ಭಾಗವೆಲ್ಲ ಹೊಂದಿದ ಮೇಲೆ ಸಹಿಗೆ ಬನ್ನಿ. ಭೂತಗನ್ನಡಿಯಲ್ಲಿ ನೋಡಿದಾಗ ಸಹಿ ಹಳೇ ಬಿರುಕಿನೊಳಗೆ ಇಳಿದಿದ್ದರೆ, ಬಿರುಕು ಬಿಟ್ಟ ಮೇಲೆ ಯಾರೋ ಹಾಕಿದ್ದು. ವಾರ್ನಿಶ್‌ನ ಮೇಲೆ ಇದ್ದರೂ ಅದೇ ಅನುಮಾನ. ಅಕ್ಷರ ತಡವರಿಸಿದ್ದರೆ, ನಿಧಾನವಾಗಿ ತಿದ್ದಿದ ಹಾಗಿದ್ದರೆ ಗಮನಿಸಿ. ಅಮೆರಿಕದಲ್ಲಿ ಜಾಕ್ಸನ್ ಪೊಲಾಕ್‌ರ ಹೆಸರಿನ ಒಂದು ಚಿತ್ರದಲ್ಲಿ ಸಹಿಯಲ್ಲೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಆದರೂ ಅದು ದೊಡ್ಡ ಬೆಲೆಗೆ ಮಾರಾಟವಾಯಿತು.

ಹೆಜ್ಜೆ 4: ಯಾರ ಕೈಯಿಂದ ಯಾರ ಕೈಗೆ ಬಂತು?

ಹೊಲ ಕೊಳ್ಳುವಾಗ ನಾವು ಪಹಣಿ ನೋಡುತ್ತೇವೆ, ಹಿಂದಿನ ಕ್ರಯಪತ್ರ ಕೇಳುತ್ತೇವೆ. ಚಿತ್ರಕ್ಕೂ ಹಾಗೇ ಕೇಳಬೇಕು. ಕಲಾವಿದರಿಂದ ಮೊದಲು ಕೊಂಡವರು ಯಾರು? ಅವರಿಂದ ನಿಮಗೆ ಹೇಗೆ ಬಂತು? ಹಳೇ ಬಿಲ್, ಪತ್ರ, ಪ್ರದರ್ಶನದ ಪುಸ್ತಿಕೆ, ಚಿತ್ರ ಗೋಡೆಯ ಮೇಲಿರುವ ಹಳೇ ಕುಟುಂಬದ ಫೋಟೊ, ಎಲ್ಲವೂ ಸಾಕ್ಷಿಯೇ. ಮದುವೆ ಫೋಟೊದಲ್ಲಿ ದಂಪತಿಗಳ ಹಿಂದೆ ಗೋಡೆಯಲ್ಲಿ ಕಂಡ ಚಿತ್ರವೇ ಒಂದು ಮನೆಯವರಿಗೆ ಗಟ್ಟಿ ಆಧಾರವಾದದ್ದನ್ನು ನಾನೇ ನೋಡಿದ್ದೇನೆ.

ಆದರೆ ಕಾಗದವನ್ನೂ ಖೋಟಾ ಮಾಡುತ್ತಾರೆ. ತಮಿಳುನಾಡಿನ ಶ್ರೀಪುರಂಧಾನ್ ದೇವಸ್ಥಾನದಿಂದ ಕದ್ದ ನಟರಾಜನ ವಿಗ್ರಹವನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಒಡೆತನದ ಕಾಗದಗಳು ಸುಳ್ಳಾಗಿದ್ದವು. 2014ರಲ್ಲಿ ವಿಗ್ರಹ ಭಾರತಕ್ಕೆ ಮರಳಿತು. ಇಲ್ಲಿ ವಿಗ್ರಹ ಅಸಲಿಯೇ, ಒಡೆತನ ಖೋಟಾ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡರೆ ಕೊಂಡವರಿಗೂ ಶಿಕ್ಷೆ ಇದೆ. ಇಂಟರ್‌ಪೋಲ್‌ನವರ ಐಡಿ-ಆರ್ಟ್ ಎಂಬ ಉಚಿತ ಮೊಬೈಲ್ ಆ್ಯಪ್‌ನಲ್ಲಿ ಕಳುವಾದ ಕಲಾಕೃತಿಗಳನ್ನು ಹುಡುಕಬಹುದು. ವಿಗ್ರಹದ ವಿಷಯ ಬಂದಾಗ ಅಲ್ಲೊಮ್ಮೆ ನೋಡಿ.

ಹೆಜ್ಜೆ 5: ನೂರು ವರ್ಷ ದಾಟಿದ್ದರೆ ಬೇರೆ ಕಾನೂನು

ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ 1972ರಲ್ಲಿ ಬಂತು, 1976ರಿಂದ ಜಾರಿಯಲ್ಲಿದೆ. ಇದರ ಪ್ರಕಾರ 100 ವರ್ಷ ದಾಟಿದ ಚಿತ್ರ, ಶಿಲ್ಪ, ಕುಸುರಿ ಕೆಲಸ ಪ್ರಾಚ್ಯವಸ್ತು. ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿಗೆ 75 ವರ್ಷ ಸಾಕು. ಮನೆಯ ಅಟ್ಟದಲ್ಲಿ ಇರುವ ತಾಳೆಗರಿ ಕಟ್ಟುಗಳು ನೆನಪಿರಲಿ.

ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಶಿಲ್ಪ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿ ಮುಂತಾದವನ್ನು ನೋಂದಣಿ ಮಾಡಿಸಬೇಕು. ಕೈ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇದಕ್ಕೆ ರಾಜ್ಯ ಪುರಾತತ್ವ ಇಲಾಖೆಯನ್ನು ಕೇಳಿ. ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ. ನಮಗೆ ಹತ್ತಿರ ಎಂದರೆ ಚಿತ್ರದುರ್ಗದ ಸರ್ಕಾರಿ ವಸ್ತು ಸಂಗ್ರಹಾಲಯ. ಅಲ್ಲಿ ಹೋಗಿ ಮೊದಲ ಮಾತು ಕೇಳಬಹುದು. ನೋಂದಣಿ ಪತ್ರ ಸಿಕ್ಕಿತು ಎಂದರೆ ಅದು ಇಂಥ ಕಲಾವಿದರದ್ದೇ ಎಂಬ ಗ್ಯಾರಂಟಿ ಅಲ್ಲ. ಇದನ್ನು ತಪ್ಪು ತಿಳಿಯುವವರು ಬಹಳ.

ಪ್ರಾಚ್ಯವಸ್ತು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕೇ ಬೇಕು. ಇದು ಕೊಳ್ಳುವವರ ಕೈಯಲ್ಲಿ ಒಳ್ಳೆಯ ಸಾಧನ. ಯಾವ ವ್ಯಾಪಾರಿಯಾದರೂ "ಇದು ಇನ್ನೂರು ವರ್ಷದ್ದು ಸಾರ್" ಎಂದರೆ, "ಲೈಸೆನ್ಸ್ ತೋರಿಸಿ" ಅನ್ನಿ. ಲೈಸೆನ್ಸ್ ಇಲ್ಲ ಎಂದರೆ ಎರಡರಲ್ಲಿ ಒಂದು ನಿಜ. ವಸ್ತು ಹಳೆಯದಲ್ಲ, ಅಥವಾ ಮಾರಾಟ ಕಾನೂನುಬಾಹಿರ. ಎರಡರಲ್ಲಿ ಯಾವುದೇ ಆದರೂ ನೀವು ಕೊಳ್ಳಬಾರದು.

ವಿದೇಶದಲ್ಲಿರುವ ಮಗನಿಗೆ ಹಳೇ ಚಿತ್ರ ಕಳಿಸಬೇಕು ಅಂತ ಬರುತ್ತಾರೆ. ಪ್ರಾಚ್ಯವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮೀರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ರವಿವರ್ಮ, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ರವೀಂದ್ರನಾಥ ಟ್ಯಾಗೋರ್, ನಂದಲಾಲ್ ಬೋಸ್ ಸೇರಿ ಒಂಬತ್ತು ಕಲಾವಿದರ ಕೃತಿಗಳನ್ನು ಕಲಾನಿಧಿ ಎಂದು ಘೋಷಿಸಿದ್ದಾರೆ. ಅವಕ್ಕೆ ನೂರು ವರ್ಷ ಆಗದಿದ್ದರೂ ಹೊರಗೆ ಒಯ್ಯುವಂತಿಲ್ಲ. ದೇಶದೊಳಗೆ ಕೊಡುವುದು ಕೊಳ್ಳುವುದಕ್ಕೆ ಅಡ್ಡಿ ಇಲ್ಲ. ಒಂದು ವಸ್ತು ಪ್ರಾಚ್ಯವಸ್ತು ಹೌದೋ ಅಲ್ಲವೋ ಎಂಬ ಪ್ರಶ್ನೆ ಬಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರು ಅಧಿಕಾರ ಕೊಟ್ಟವರು ಹೇಳಿದ್ದೇ ಅಂತಿಮ.

ಹೊಲ ಉಳುವಾಗ, ಪಾಯ ತೆಗೆಯುವಾಗ ವಿಗ್ರಹ ಅಥವಾ ನಾಣ್ಯ ಸಿಕ್ಕರೆ ಅದನ್ನು ಮನೆಗೆ ತರಬೇಡಿ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ತಿಳಿಸಿ.

ಹೆಜ್ಜೆ 6: ಪ್ರಮಾಣಪತ್ರ ಕೊಟ್ಟವರು ಯಾರು?

ಅಸಲಿ ಎಂಬ ಪ್ರಮಾಣಪತ್ರ ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಬರೆದು ಚಿನ್ನದ ಬಣ್ಣದ ಮೊಹರು ಹಾಕಬಹುದು. ಮಾರುವವರೇ ಕೊಟ್ಟ ಪ್ರಮಾಣಪತ್ರ ಅವರ ಮಾತು ಅಷ್ಟೇ. ಮಾತಾಗಿ ಅದಕ್ಕೆ ಬೆಲೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಪುರಾವೆ ಅಲ್ಲ.

ಕಲಾವಿದರು ಬದುಕಿದ್ದರೆ ಅವರನ್ನೇ ಕೇಳಿ. ಫೋಟೊ ಕಳಿಸಿ, ಹಿಂಬದಿಯದನ್ನೂ ಕಳಿಸಿ. 2009ರ ಜನವರಿಯಲ್ಲಿ ಹೆಸರಾಂತ ಕಲಾವಿದ ಎಸ್.ಎಚ್. ರಜಾ ದೆಹಲಿಯಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನಕ್ಕೆ ಹೋದರು. ನೋಡುತ್ತಾ ಹೋದಂತೆ ಅಲ್ಲಿದ್ದ ಬಹುತೇಕ ಚಿತ್ರಗಳು ತಮ್ಮ ಕೈಯವಲ್ಲ ಎಂದು ಗೊತ್ತಾಯಿತು. ಪ್ರದರ್ಶನ ನಿಂತಿತು. ಆ ವಯಸ್ಸಿನಲ್ಲಿ ಅವರಿಗೆ ಆದ ಸಂಕಟ ನೆನೆದರೆ ಹೊಟ್ಟೆ ತೊಳಸುತ್ತದೆ. ಅವರು ಬದುಕಿದ್ದರು, ಹೇಳಿದರು. ಇಲ್ಲದವರ ಪರವಾಗಿ ಹೇಳುವವರು ಯಾರು? 2011ರಲ್ಲಿ ಕೋಲ್ಕತ್ತದಲ್ಲಿ ಟ್ಯಾಗೋರರದ್ದೆಂದು ಪ್ರದರ್ಶನಕ್ಕಿಟ್ಟ ಚಿತ್ರಗಳು ಖೋಟಾ ಎಂಬ ವಿವಾದ ಎದ್ದು ಹೈಕೋರ್ಟಿನವರೆಗೆ ಹೋಯಿತು.

ಕಲಾವಿದರು ಇಲ್ಲದಿದ್ದರೆ ಕುಟುಂಬ, ಶಿಷ್ಯರು, ಆ ಕಲಾವಿದರ ಬಗ್ಗೆ ಅಧ್ಯಯನ ಮಾಡಿದವರು. ಇವರಲ್ಲಿ ಒಬ್ಬರಲ್ಲ, ಇಬ್ಬರನ್ನು ಕೇಳಿ. ಚಿತ್ರದ ಮಾರಾಟದಲ್ಲಿ ಲಾಭ ಇರುವವರ ಮಾತನ್ನು ಪಕ್ಕಕ್ಕಿಡಿ. ಹಳೇ ಚಿತ್ರದ ಸ್ಥಿತಿ, ಬಣ್ಣ, ಕಾಗದದ ಪರೀಕ್ಷೆಗೆ ಬೆಂಗಳೂರಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಪರಿಣತರ ವರದಿಯಲ್ಲಿ ಫೋಟೊ, ಅಳತೆ, ಏನು ಪರೀಕ್ಷೆ ಮಾಡಿದರು, ಯಾಕೆ ಹಾಗೆ ಅನ್ನಿಸಿತು, ದಿನಾಂಕ, ಸಹಿ ಇಷ್ಟೂ ಇರಬೇಕು. "ನನ್ನ ಅಭಿಪ್ರಾಯದಲ್ಲಿ ಅಸಲಿ" ಎಂಬ ಒಂದೇ ಸಾಲು ಯಾವ ಕೋರ್ಟಿನಲ್ಲೂ ನಿಲ್ಲದು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 39ನೇ ಸೆಕ್ಷನ್ ಪರಿಣತರ ಅಭಿಪ್ರಾಯವನ್ನು ಒಪ್ಪುತ್ತದೆ. ಆದರೆ ಕೋರ್ಟ್ ಕಾರಣ ನೋಡಿಯೇ ತೂಕ ಹಾಕುವುದು.

ಹೆಜ್ಜೆ 7: ಬಿಲ್ಲು

ಉಳಿದದ್ದನ್ನೆಲ್ಲ ಮರೆತರೂ ಇದೊಂದನ್ನು ಬಿಡಬೇಡಿ. ಸರಕು ಮಾರಾಟ ಕಾಯ್ದೆ 1930ರ 15ನೇ ಸೆಕ್ಷನ್ ಒಂದು ಸರಳ ಮಾತು ಹೇಳುತ್ತದೆ. ವಿವರಣೆ ಕೊಟ್ಟು ಮಾರಿದರೆ ಸರಕು ಆ ವಿವರಣೆಗೆ ಹೊಂದಬೇಕು. ಅಂದರೆ ವಿವರಣೆ ಕಾಗದದಲ್ಲಿ ಇದ್ದಷ್ಟು ನಿಮಗೆ ಬಲ. ನನ್ನ ಬಿಲ್ಲಿನ ವಿವರಣೆ "ಪೇಂಟಿಂಗ್". ಬಂದದ್ದು ಪೇಂಟಿಂಗೇ. ಹಾಗಾಗಿ ನಾನು ಸೋತೆ.

ಈಗ ನಾನು ಗಿರಾಕಿಗಳಿಗೆ ಬಿಲ್ಲಿನಲ್ಲಿ ಹೀಗೆ ಬರೆಸಿಕೊಳ್ಳಿ ಎನ್ನುತ್ತೇನೆ:

"ಈ ಚಿತ್ರವನ್ನು ಇಂಥ ಕಲಾವಿದರು ಸ್ವತಃ ಬರೆದಿದ್ದಾರೆ. ಕಾಗದದ ಮೇಲೆ ಜಲವರ್ಣ. ಅಳತೆ ಇಷ್ಟು. ಬರೆದ ವರ್ಷ ಇಷ್ಟು. ಕೆಳಗೆ ಬಲಗಡೆ ಸಹಿ ಇದೆ. ಇದರ ಪೂರ್ಣ ಒಡೆತನ ನನ್ನದು, ಯಾರ ತಕರಾರೂ ಇಲ್ಲ. ಮುಂದೆ ಇದು ಆ ಕಲಾವಿದರದ್ದಲ್ಲ ಎಂದು ತಿಳಿದುಬಂದರೆ ಪೂರ್ತಿ ಹಣ ಹಿಂತಿರುಗಿಸುತ್ತೇನೆ."

ಕೆಳಗೆ ಮಾರುವವರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಇದ್ದರೆ ಅದು, ಸಹಿ, ದಿನಾಂಕ. ಚಿತ್ರದ ಫೋಟೊ ಪ್ರಿಂಟ್ ಹಾಕಿಸಿ ಅದರ ಹಿಂದೆಯೂ ಸಹಿ ಹಾಕಿಸಿ. "ಶೈಲಿಯಲ್ಲಿ", "ಪಂಥದ್ದು", "ಎನ್ನಲಾಗಿದೆ" ಎಂಬ ಮಾತು ಬಿಲ್ಲಿನಲ್ಲಿ ಬಂದರೆ ನಿಲ್ಲಿ. "ರವಿವರ್ಮ ಶೈಲಿಯ ಚಿತ್ರ" ಎಂದರೆ ರವಿವರ್ಮ ಬರೆದದ್ದಲ್ಲ ಎಂದೇ ಅರ್ಥ. ಆಮೇಲೆ ಮೋಸ ಎನ್ನಲು ಬರುವುದಿಲ್ಲ.

ದುಡ್ಡನ್ನು ಬ್ಯಾಂಕ್ ಮೂಲಕ ಕೊಡಿ. ಎರಡು ಲಕ್ಷ ಅಥವಾ ಹೆಚ್ಚಿನ ನಗದನ್ನು ಒಂದೇ ವ್ಯವಹಾರಕ್ಕೆ ಪಡೆಯಲು ಕಾನೂನು ಬಿಡುವುದಿಲ್ಲ. ಬಿಲ್ಲು ಬರೆದುಕೊಡಲು ಹಿಂದೆ ಮುಂದೆ ನೋಡುವವರ ಹತ್ತಿರ ಕೊಳ್ಳಬೇಡಿ. "ನಂಬಿಕೆ ಇಲ್ವಾ ನಿಮಗೆ?" ಎಂದು ಮುಖ ಸಣ್ಣ ಮಾಡುತ್ತಾರೆ. ನಂಬಿಕೆ ಇರುವವರು ಬರೆದುಕೊಡಲು ಹೆದರುವುದಿಲ್ಲ ಅಲ್ವಾ?

ಹೆಜ್ಜೆ 8: ಮೋಸವಾಗಿದೆ ಎಂದು ಗೊತ್ತಾದರೆ

ಆ ದಿನವೇ ಮಾರಿದವರ ಅಂಗಡಿಗೆ ಹೋಗಿ ಜಗಳ ಆಡಬೇಡಿ. ಚಿತ್ರವನ್ನು ವಾಪಸ್ ಅವರ ಕೈಗೆ ಕೊಟ್ಟುಬಿಡಬೇಡಿ. ಅದೇ ಮುಖ್ಯ ಸಾಕ್ಷಿ. ವಾಟ್ಸ್ಆ್ಯಪ್ ಮಾತುಕತೆ ಅಳಿಸಬೇಡಿ. ಫೋನ್ ಬದಲಿಸುವುದಾದರೂ ಹಳೆಯದನ್ನು ಇಟ್ಟುಕೊಳ್ಳಿ. ಕೋರ್ಟಿಗೆ ಆ ಸಂದೇಶ ಕೊಡಲು ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಒಬ್ಬ ಪರಿಣತರಿಂದಾದರೂ ಲಿಖಿತ ವರದಿ ಪಡೆಯಿರಿ. ಆಮೇಲೆ ವಕೀಲರ ಮೂಲಕ ನೋಟಿಸ್ ಕಳಿಸಿ. ಏನು ಹೇಳಿ ಮಾರಿದರು, ಏನು ಗೊತ್ತಾಯಿತು, ಎಷ್ಟು ಹಣ, ಎಷ್ಟು ದಿನದಲ್ಲಿ ಹಿಂತಿರುಗಿಸಬೇಕು, ಇಷ್ಟೇ ಇರಲಿ. ತಲುಪಿದ ದಾಖಲೆ ಸಿಗುವಂತೆ ಕಳಿಸಿ. ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತವೆ. ತಡ ಮಾಡಬೇಡಿ. ಬಹಳ ದಿನ ಸುಮ್ಮನಿದ್ದರೆ ಸರಕನ್ನು ಒಪ್ಪಿಕೊಂಡಂತೆ ಎಂದು ಕಾನೂನು ಲೆಕ್ಕ ಹಾಕಬಹುದು.

ಹಣ ಬರದಿದ್ದರೆ ಮೂರು ದಾರಿ ಇವೆ. ಒಂದೇ ಸಲ ಒಂದಕ್ಕಿಂತ ಹೆಚ್ಚು ದಾರಿ ಹಿಡಿಯಬಹುದೋ ಬೇಡವೋ ಎಂದು ವಕೀಲರು ಹೇಳುತ್ತಾರೆ.

ವ್ಯಾಪಾರಿಯಿಂದ ಮನೆಗೆಂದು ಕೊಂಡಿದ್ದರೆ ಗ್ರಾಹಕರ ಆಯೋಗ ಒಳ್ಳೆಯ ದಾರಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಚಿತ್ರಕ್ಕೆ ದಾವಣಗೆರೆಯ ಜಿಲ್ಲಾ ಆಯೋಗ ಸಾಕು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗದ ವ್ಯಾಪ್ತಿ. 5 ಲಕ್ಷದವರೆಗೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ ಕೇಳಬಹುದು. ಮಾರಿ ಲಾಭ ಮಾಡಲು ಕೊಂಡಿದ್ದರೆ ಮಾತ್ರ ಈ ಬಾಗಿಲು ತೆರೆಯದು. ಪರಿಚಯದವರೊಬ್ಬರು ಮನೆಯ ಚಿತ್ರ ಮಾರಿದ್ದರೆ ಅವರು ವ್ಯಾಪಾರಿ ಅಲ್ಲ, ಅಲ್ಲೂ ಇದು ಕಷ್ಟ.

ಆಗ ಸಿವಿಲ್ ಕೋರ್ಟ್. ಕರಾರು ಕಾಯ್ದೆ 1872ರ 17ರಿಂದ 19ನೇ ಸೆಕ್ಷನ್‌ಗಳ ಪ್ರಕಾರ ಮೋಸದಿಂದ ಅಥವಾ ತಪ್ಪು ಮಾಹಿತಿಯಿಂದ ಒಪ್ಪಿಸಿದ ಕರಾರನ್ನು ನೀವು ರದ್ದು ಮಾಡಬಹುದು. ಮೋಸದ ಪ್ರಕರಣದಲ್ಲಿ ಕಾಲಮಿತಿ ಮೋಸ ಗೊತ್ತಾದ ದಿನದಿಂದ ಶುರುವಾಗುತ್ತದೆ. ಅದಕ್ಕೇ ಗೊತ್ತಾದ ದಿನಾಂಕವನ್ನು ಬರೆದಿಡಿ. ಫ್ರೇಮ್ ಬಿಚ್ಚಿದ ದಿನದ ಬಿಲ್ಲು ಕೂಡ ಸಾಕ್ಷಿ ಆಗುತ್ತದೆ.

ಗೊತ್ತಿದ್ದೂ ಮೋಸ ಮಾಡಿದ್ದರೆ ಪೊಲೀಸ್ ಠಾಣೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಸೆಕ್ಷನ್, ವಂಚಿಸಿ ಹಣ ಪಡೆದದ್ದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಹಳೇ ಕಾನೂನಿನ 420 ಇದೇ. ಸುಳ್ಳು ಪ್ರಮಾಣಪತ್ರ ಕೊಟ್ಟಿದ್ದರೆ 336 ಮತ್ತು 340ನೇ ಸೆಕ್ಷನ್‌ಗಳೂ ಬರುತ್ತವೆ. ಬೇರೆಯವರ ಹೆಸರಿನಲ್ಲಿ ಸಹಿ ಹಾಕಿ ಸೃಷ್ಟಿಸಿದ ಪತ್ರ ಖೋಟಾ ದಾಖಲೆ. ಅದಕ್ಕೇ ನಾನು ಪ್ರಮಾಣಪತ್ರವನ್ನು ಎಸೆಯಬೇಡಿ ಎನ್ನುವುದು. ಚಿತ್ರದ ಬಗ್ಗೆ ವಾದ ವರ್ಷಗಟ್ಟಲೆ ನಡೆಯಬಹುದು, ಸುಳ್ಳು ಪತ್ರ ಬೇಗ ಬಯಲಾಗುತ್ತದೆ. ಆದರೆ ಮಾರಿದವರಿಗೂ ಗೊತ್ತಿರಲಿಲ್ಲ ಎಂದಾದರೆ ಅದು ಕ್ರಿಮಿನಲ್ ಪ್ರಕರಣವಲ್ಲ. ಕೋಪದಲ್ಲಿ ಎಲ್ಲರ ಮೇಲೂ ದೂರು ಹಾಕಬೇಡಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಖೋಟಾ ಎಂದು ಗೊತ್ತಾದ ಮೇಲೆ ಕಳೆದುಕೊಂಡ ದುಡ್ಡು ವಾಪಸ್ ಬರಲಿ ಎಂದು ಅದನ್ನು ಇನ್ನೊಬ್ಬರಿಗೆ ಅಸಲಿ ಎಂದು ಮಾರಬೇಡಿ. ಅಲ್ಲಿಗೆ ಅಪರಾಧಿ ನೀವಾಗುತ್ತೀರಿ. ನನ್ನ ಬಾವಿಕಟ್ಟೆಯ ಚಿತ್ರ ಇನ್ನೂ ಅಂಗಡಿಯಲ್ಲೇ ಇದೆ. ಹಿಂದೆ ದೊಡ್ಡ ಅಕ್ಷರದಲ್ಲಿ "ಅಸಲಿ ಅಲ್ಲ" ಎಂದು ಬರೆದಿದ್ದೇನೆ.

ಹೆಜ್ಜೆ 9: ಚಿತ್ರ ಬರೆಯುವವರಿಗೆ

ಖೋಟಾ ತಡೆಯುವ ಕೆಲಸ ಚಿತ್ರ ಹುಟ್ಟಿದ ದಿನವೇ ಶುರುವಾಗಬೇಕು. ಕಲಾ ಮಹಾವಿದ್ಯಾಲಯದ ಮಕ್ಕಳು ಬಂದಾಗ ಇದನ್ನೇ ಹೇಳುತ್ತೇನೆ. ಒಂದು ಪುಸ್ತಕ ಇಡಿ. ಪ್ರತಿ ಚಿತ್ರಕ್ಕೂ ನಂಬರ್, ಹೆಸರು, ಅಳತೆ, ಬಳಸಿದ ಬಣ್ಣ, ಮುಗಿಸಿದ ದಿನ, ಯಾರಿಗೆ ಕೊಟ್ಟಿರಿ, ಎಷ್ಟಕ್ಕೆ. ಮುಂದೆ, ಹಿಂದೆ ಎರಡೂ ಫೋಟೊ. ಸಹಿಯನ್ನು ಒಂದೇ ರೀತಿ ಹಾಕಿ, ಬಣ್ಣ ಹಸಿ ಇರುವಾಗಲೇ ಹಾಕಿ.

ಕೃತಿಸ್ವಾಮ್ಯ ಚಿತ್ರ ಬರೆದ ಕೂಡಲೇ ತಾನಾಗಿ ಬರುತ್ತದೆ. ನೋಂದಣಿ ಕಡ್ಡಾಯ ಅಲ್ಲ, ಆದರೆ ಸಾಕ್ಷಿಗೆ ಒಳ್ಳೆಯದು. ಚಿತ್ರ ಮಾರಿದರೂ ಸಾಮಾನ್ಯವಾಗಿ ಕೃತಿಸ್ವಾಮ್ಯ ಜೊತೆಗೆ ಹೋಗುವುದಿಲ್ಲ. 57ನೇ ಸೆಕ್ಷನ್ ಇನ್ನೂ ದೊಡ್ಡದು. ಹಕ್ಕು ಪೂರ್ತಿ ಮಾರಿದ ಮೇಲೂ "ಇದು ನನ್ನ ಕೃತಿ" ಎಂದು ಹೇಳುವ ಹಕ್ಕು, ಗೌರವಕ್ಕೆ ಧಕ್ಕೆ ಬರುವಂತೆ ಕೆಡಿಸುವುದನ್ನು ತಡೆಯುವ ಹಕ್ಕು ಕಲಾವಿದರದ್ದೇ. ದೆಹಲಿಯ ವಿಜ್ಞಾನ ಭವನದಲ್ಲಿ ಅಮರನಾಥ್ ಸೆಹಗಲ್ ಮಾಡಿದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರವೇ ಕಿತ್ತು ಗೋದಾಮಿಗೆ ಹಾಕಿತ್ತು. 2005ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಅವರಿಗೆ ಮರಳಿಸಲು, ಜೊತೆಗೆ ಐದು ಲಕ್ಷ ಪರಿಹಾರ ಕೊಡಲು ಹೇಳಿತು. 53ಎ ಸೆಕ್ಷನ್‌ನಲ್ಲಿ ಇನ್ನೊಂದು ಹಕ್ಕಿದೆ. ಮೂಲ ಚಿತ್ರ ಮುಂದೆ ಹತ್ತು ಸಾವಿರಕ್ಕಿಂತ ಹೆಚ್ಚಿಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ನೂರಕ್ಕೆ ಹತ್ತು ಮೀರದ ಪಾಲು. ಇದನ್ನು ಕೇಳಿ ಪಡೆಯುವವರನ್ನು ನಾನಿನ್ನೂ ನಮ್ಮ ಊರಿನಲ್ಲಿ ನೋಡಿಲ್ಲ.

ದೊಡ್ಡವರ ಚಿತ್ರ ನೋಡಿ ನಕಲು ಬರೆದಾಗ ಅಳತೆಯನ್ನು ಮೂಲಕ್ಕಿಂತ ಸ್ವಲ್ಪ ಬೇರೆ ಇಡಿ. ಮೂಲದ ಸಹಿಯನ್ನು ಬರೆಯಬೇಡಿ, ನಿಮ್ಮ ಹೆಸರು ಬರೆಯಿರಿ. ಹಾಳೆಯ ಹಿಂದೆ ಮೆತ್ತನೆ ಪೆನ್ಸಿಲ್‌ನಲ್ಲಿ "ನಕಲು", ನಿಮ್ಮ ಹೆಸರು, ದಿನಾಂಕ ಬರೆಯಿರಿ. ಗೋಂದನ್ನು ಚಿತ್ರಕ್ಕೆ ತಾಗಿಸಬೇಡಿ. ಚೀಟಿಯನ್ನು ಹಿಂಬದಿಯ ಹಲಗೆಗೆ ಅಂಟಿಸಿದರೆ ಸಾಕು. ನಮ್ಮ ಅಂಗಡಿಯಲ್ಲಿ ಆ ಚೀಟಿಗೆ ದುಡ್ಡಿಲ್ಲ. ಪೆನ್ಸಿಲ್ ಮೇಜಿನ ಎಡಗಡೆ ದಾರ ಕಟ್ಟಿ ಇಟ್ಟಿದ್ದೇನೆ.